ಏಳನೆಯ ಪ್ರಭಾರ

ನಮ್ಮೂರಿನ ಪುರಸಭೆಯಲ್ಲಿ ಯಾರೂ ಕೆಲಸ ಕಲಿತವರಲ್ಲ. ಕಲಿಯುವ ಪ್ರಮೇಯವೇ ಬರುತ್ತಿರಲಿಲ್ಲ. ನಿವೃತ್ತನಾಗುವವನೂ ಹೊಸದಾಗಿ ಬಂದವನೂ ಮೇಜಿನ ಎರಡು ಕಡೆ ಕೂತು ಚಾರ್ಜ್ ಪಟ್ಟಿಗೆ ಸಹಿ ಹಾಕುತ್ತಿದ್ದರು. ಶಾಯಿ ಒಣಗುವಷ್ಟರಲ್ಲಿ ಇವನ ಕೈಯ ಕೆಲಸ ಅವನ ಕೈಗೆ ಹೋಗಿರುತ್ತಿತ್ತು. ಮೂವತ್ತೊಂದು ವರ್ಷ ಕಂಬ ಹತ್ತಿದ ಬೀದಿದೀಪದ ರುದ್ರಯ್ಯನವರು ನಿವೃತ್ತರಾದ ಮಾರನೆಯ ದಿನ ಮನೆಯಲ್ಲಿ ಬಲ್ಬ್ ಹೋಯಿತೆಂದು ಪಕ್ಕದ ಮನೆಯವರನ್ನು ಕರೆದರು. ಯಾರೂ ನಗಲಿಲ್ಲ. ಹುದ್ದೆಯದು ಹುದ್ದೆಗೆ ಹೋಯಿತು, ಅಷ್ಟೇ. ಸೈಕಲ್ಲು, ಟಾರ್ಚು, ಬೀಗದ ಕೈಗಳನ್ನು ವಾಪಸು ಕೊಡುವುದಿಲ್ಲವೇ, ಹಾಗೆ.

ನಾನು ಆ ಕಚೇರಿಗೆ ಬಂದದ್ದು ಗಂಡನನ್ನು ಕಳೆದುಕೊಂಡು. ಅವರು, ತಿಮ್ಮರಾಯಪ್ಪನವರು, ಪುರಸಭೆಯ ರೋಲರ್ ಓಡಿಸುತ್ತಿದ್ದರು. ಕಾಮಾಲೆಗೆ ಸಿಕ್ಕಿ ಮೂವತ್ತಾರಕ್ಕೇ ಹೋದರು. ಅನುಕಂಪದ ಮೇಲೆ ನನಗೊಂದು ಕೆಲಸ ಕೊಟ್ಟರು. ನಾನು ಓದಿದ್ದು ಏಳನೆಯ ತರಗತಿ. ಆದರೆ ಸಿಬ್ಬಂದಿ ಶಾಖೆಯ ಗುಮಾಸ್ತೆಯ ಹುದ್ದೆಗೆ ಸಹಿ ಹಾಕಿದ ದಿನ ಆದೇಶ ಬರೆಯುವುದು, ಕಡತ ಹುಡುಕುವುದು, ಯಾವ ಕಾಗದ ಯಾವ ಕಪಾಟಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುವುದು ಎಲ್ಲವೂ ಒಟ್ಟಿಗೆ ಬಂತು. ನನ್ನ ಬೆರಳಲ್ಲಿ ಮೂಡುತ್ತಿದ್ದ ದುಂಡು ಅಕ್ಷರ ನನ್ನದಾಗಿರಲಿಲ್ಲ. ಹಿಂದಿನ ಗುಮಾಸ್ತರದು. ಅವರಿಗೂ ಅದು ಇನ್ಯಾರಿಂದಲೋ ಬಂದದ್ದು.

ಗಂಡ ಸತ್ತ ಎಂಟನೆಯ ತಿಂಗಳು ರೋಲರಿಗೆ ಪೀರ್‌ಸಾಬ್ ಎನ್ನುವವರು ಬಂದರು. ಬೇರೆ ಊರಿನವರು, ನನ್ನ ಗಂಡನ ಮುಖ ಸಹ ನೋಡದವರು. ಒಂದು ದಿನ ಸಂತೆಬೀದಿಯಲ್ಲಿ ಜಲ್ಲಿ ತುಳಿಸುತ್ತಿದ್ದರು. ನಾನು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಿದ್ದೆ. ರೋಲರನ್ನು ಹಿಂದಕ್ಕೆ ತಿರುಗಿಸುವ ಮೊದಲು ಪೀರ್‌ಸಾಬರು ಬಲಹೆಗಲಿನ ಟವೆಲನ್ನು ಎಡಹೆಗಲಿಗೆ ಎಸೆದುಕೊಂಡು, ಎತ್ತಿಗೆ ಹೇಳುವಂತೆ ನಾಲಿಗೆಯಲ್ಲಿ ಟಕ್ ಟಕ್ ಎಂದು ಎರಡು ಸಲ ಸದ್ದು ಮಾಡಿದರು. ನಾನು ರಸ್ತೆಯ ಅಂಚಿನಲ್ಲೇ ಕೂತುಬಿಟ್ಟೆ. ಅದು ನನ್ನ ಗಂಡನ ಟಕ್ ಟಕ್. ಮನೆಯಲ್ಲಿ ಊಟ ಮುಗಿಸಿ ಏಳುವಾಗಲೂ ಹಾಗೇ ಸದ್ದು ಮಾಡಿಕೊಂಡು ಏಳುತ್ತಿದ್ದರು. ಸತ್ತವರ ಪಟ್ಟಿಯೂ ಮುಂದಿನವರ ಸಹಿಗೆ ಕಾದಿರುತ್ತದೆ. ಕೆಲಸದ ಜೊತೆಗೆ ಅದೂ ಪಟ್ಟಿಯಲ್ಲಿ ಸೇರಿ ಹೋಗಿತ್ತು. ಆಮೇಲೆ ಇಪ್ಪತ್ತೆರಡು ವರ್ಷ, ಊರಲ್ಲಿ ಎಲ್ಲಿ ರಸ್ತೆ ಕೆಲಸ ನಡೆದರೂ ನಾನು ಆ ದಾರಿಯಲ್ಲೇ ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ. ಪೀರ್‌ಸಾಬರಿಗೆ ಗೊತ್ತಿತ್ತೇನೋ. ನನ್ನನ್ನು ಕಂಡರೆ ಅಗತ್ಯವಿಲ್ಲದಿದ್ದರೂ ಒಂದು ಸಲ ಹಿಂದಕ್ಕೆ ತಿರುಗಿಸುತ್ತಿದ್ದರು.

ನಾನು ಸೇರಿದಾಗ ಪುರಸಭೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕಾಯಂ ನೌಕರರಿದ್ದರು. ವರ್ಷಕ್ಕೆ ಹತ್ತು ಜನ ಹೋದರೆ ಹತ್ತು ಜನ ಬರುತ್ತಿದ್ದರು. ಆಮೇಲೆ ಹತ್ತು ಹೋದರೆ ಮೂವರು ಬಂದರು. ಆಮೇಲೆ ನೇಮಕಾತಿಗೆ ತಡೆ ಎಂದು ಸುತ್ತೋಲೆ ಬಂತು, ಯಾರೂ ಬರಲಿಲ್ಲ. ತೆಗೆದುಕೊಳ್ಳುವ ಕೈಯಿಲ್ಲದ ಕೆಲಸ ಚಾರ್ಜ್ ಪಟ್ಟಿಯಲ್ಲೇ ಉಳಿಯುತ್ತಿತ್ತು. ಪಟ್ಟಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ದಾಖಲೆ ಕೋಣೆಯಲ್ಲಿಡುವುದು ನನ್ನ ಪಾಲಿನ ಕೆಲಸ. ಕಟ್ಟುಗಳು ಬೆಚ್ಚಗಿರುತ್ತಿದ್ದವು. ಉದ್ಯಾನದ ಮಾಲಿಯ ಕಟ್ಟಿನಿಂದ ನೆನೆದ ಮಣ್ಣಿನ ವಾಸನೆ ಬರುತ್ತಿತ್ತು. ನೀರುಗಂಟಿಯ ಕಟ್ಟಿಗೆ ಕಿವಿಯಿಟ್ಟರೆ ದೂರದಲ್ಲೆಲ್ಲೋ ಕೊಳವೆ ತುಂಬುವ ಸದ್ದು. ಮೂರು ವರ್ಷದೊಳಗೆ ಯಾರೂ ಸಹಿ ಹಾಕದಿದ್ದರೆ ಕಟ್ಟು ತಣ್ಣಗಾಗುತ್ತಿತ್ತು. ಹುದ್ದೆ ರದ್ದು. ಆ ಕೆಲಸ ಊರಿನಿಂದಲೇ ಹೋದ ಹಾಗೆ. ಕೆರೆಯ ತೂಬು ತೆಗೆಯುವವನ ಕಟ್ಟು ಹೀಗೆ ತಣ್ಣಗಾಯಿತು. ಅಂದಿನಿಂದ ಕೆರೆ ತುಂಬಿದಾಗ ನಾವೆಲ್ಲ ಏರಿಯ ಮೇಲೆ ನಿಂತು ತೂಬನ್ನು ನೋಡುತ್ತೇವೆ, ಅದು ನಮ್ಮನ್ನು ನೋಡುತ್ತದೆ.

ಓಬಳೇಶನ ವಿಷಯ ಹೇಳಬೇಕು. ಅವನು ಕಚೇರಿಯ ಜವಾನ. ನನಗಿಂತ ಎಂಟು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಬಾಗಿಲ ಪಕ್ಕ ಒಂದು ಬೆಂಚು ಹಾಕಿಕೊಂಡು ಕೂತಿರುತ್ತಿದ್ದ. ಹೊಸ್ತಿಲು ದಾಟಿ ಬಂದವರು ಯಾರು, ಯಾರ ಮನೆಯವರು, ಏತಕ್ಕೆ ಬಂದಿದ್ದಾರೆ ಎಂದು ಅವನು ಕೇಳುತ್ತಲೇ ಇರಲಿಲ್ಲ. ಅವನಿಗೆ ಗೊತ್ತಾಗುತ್ತಿತ್ತು. ನಡೆಯಲಾರದ ಮುದುಕಿ ಬಂದರೆ ಎದ್ದು ಹೋಗಿ ಮೊಣಕೈ ಕೆಳಗೆ ಎರಡೇ ಎರಡು ಬೆರಳು ಕೊಟ್ಟು, "ಬಾರವ್ವಾ ಕಾಳಮ್ಮ. ಕುಂಬಾರ್ ಓಣಿ ಕಡೇ ಮನೆ ಅಲ್ವಾ? ಪಿಂಚಣಿ ನಿಂತೋಯ್ತಾ? ಮೂರನೇ ಟೇಬಲ್ಲು, ನಾನೇ ಬತ್ತೀನಿ ನಡಿ" ಎನ್ನುತ್ತಿದ್ದ. ಬಂದವರ ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ತಮ್ಮ ಹೆಸರು ಒಬ್ಬರಿಗೆ ಗೊತ್ತಿದೆ ಎನ್ನುವುದೇ ಬಡವರಿಗೆ ದೊಡ್ಡ ಧೈರ್ಯ. ಈ ವಿದ್ಯೆ ಅವನಿಗೆ ಯಾವ ಪಟ್ಟಿಯಿಂದಲೂ ಬಂದದ್ದಲ್ಲ. ಅವನಿಗಿಂತ ಹಿಂದಿನ ಜವಾನ ಹೊಸ್ತಿಲಲ್ಲಿ ಬೀಡಿ ಸೇದುತ್ತಾ "ನಾಳೆ ಬಾ" ಎನ್ನುವವನು. ಇದು ಓಬಳೇಶನ ಸ್ವಂತದ್ದು. ಹಾಗಾಗಿ ಯಾವ ಕಾಗದದಲ್ಲೂ ಇರಲಿಲ್ಲ.

ಕಾಗದದಲ್ಲಿ ಇಲ್ಲದ್ದೇ ಅವನಿಗೆ ಮುಳುವಾಯಿತು. ಹೊಸದಾಗಿ ಬಂದ ಮುಖ್ಯಾಧಿಕಾರಿಗಳು ಒಂದು ದಿನ ನನ್ನನ್ನು ಕರೆದು ಖಾಲಿ ಹುದ್ದೆಗಳ ಪಟ್ಟಿ ಮುಂದಿಟ್ಟರು.

"ನೋಡಮ್ಮ, ಇವೆಲ್ಲ ತಣ್ಣಗಾದ್ರೆ ಮೇಲಿನವರು ನನ್ನನ್ನ ಕೇಳ್ತಾರೆ. ಇದ್ದವರಿಗೇ ಹೆಚ್ಚುವರಿ ಪ್ರಭಾರ ಹಾಕಿ. ಯಾರು ಬಿಡುವಾಗಿದ್ದಾರೆ?"

"ಎಲ್ಲರಿಗೂ ಕೈತುಂಬ ಇದೆ ಸರ್."

"ಬಾಗಿಲಲ್ಲಿ ಕೂತಿರ್ತಾನಲ್ಲ, ಅವನ ಕೆಲಸ ಏನು?"

ನಾನು ಹೇಳಬೇಕಾಗಿತ್ತು. ಸೇವಾ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದೆ. "ಜವಾನ ಸರ್. ಬಾಗಿಲಲ್ಲಿ ಇರೋದು."

"ಹಾಗಾದ್ರೆ ಖಾಲಿ ಇದ್ದಾನೆ, ಬರೀರಿ" ಎಂದರು.

ಮೊದಲು ನೀರುಗಂಟಿಯ ಪ್ರಭಾರ ಹಾಕಿದೆ. ಓಬಳೇಶ ಸಹಿ ಹಾಕಿ, ಶಾಯಿ ಒಣಗಿದ ಮೇಲೆ ಕಿವಿಯಲ್ಲಿ ಬೆರಳಾಡಿಸಿಕೊಂಡು, "ಅಕ್ಕಾ, ನಿಮ್ ಕುರ್ಚಿ ಕೆಳಗೇ ನಾಕಿಂಚಿನ ಕೊಳವೆ ಓಡ್ತಾ ಅದೆ ಕಣ್ರಕ್ಕಾ! ಇಷ್ಟು ವರ್ಷ ನೀರ ಮೇಲೆ ಕೂತಿದ್ರಿ!" ಎಂದು ನಕ್ಕ. ನಾವೂ ನಕ್ಕೆವು. ಆಮೇಲೆ ಬೀದಿದೀಪ. ಆಮೇಲೆ ಉದ್ಯಾನ, ಸೊಳ್ಳೆಗೆ ಹೊಗೆ ಹಾಕುವುದು, ಸಂತೆಯ ತಕ್ಕಡಿ ಪರೀಕ್ಷೆ, ಸ್ಮಶಾನದ ಕಾವಲು. ಎರಡು ವರ್ಷದಲ್ಲಿ ಆರು. ಅವನು ಎಲ್ಲವನ್ನೂ ಚೆನ್ನಾಗಿಯೇ ಮಾಡಿದ. ಬೆಳಿಗ್ಗೆ ವಾಲ್ವ್ ತಿರುಗಿಸಿ, ಹತ್ತಕ್ಕೆ ಬಾಗಿಲಿಗೆ ಬಂದು, ಸಂಜೆ ಕಂಬ ಹತ್ತುತ್ತಿದ್ದ. ವರದಿಯಲ್ಲಿ ನಮ್ಮ ಪುರಸಭೆಗೆ ಶಹಬಾಸ್‌ಗಿರಿ ಬಂತು. ಒಬ್ಬ ನೌಕರ, ಆರು ಪ್ರಭಾರ. ಬೇರೆ ಊರಿನವರು ಬಂದು ಅವನನ್ನು ನೋಡಿ ಹೋದರು.

ಆದರೆ ಮನುಷ್ಯನೊಳಗೆ ಎಷ್ಟು ಜಾಗವಿದೆಯೋ ಅಷ್ಟೇ. ಎರಡನೆಯ ಪ್ರಭಾರ ಆದ ಮೇಲೆ ಅವನು ಬಂದವರ ಹೆಸರು ಕೇಳತೊಡಗಿದ. ನಾಲ್ಕಾದ ಮೇಲೆ ಕಾಳಮ್ಮನನ್ನು ಪಿಂಚಣಿ ಬಿಟ್ಟು ನಲ್ಲಿ ಅರ್ಜಿಯ ಟೇಬಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಹೊರಗೆ ಸಿಕ್ಕರೆ, ಮನೆಯಲ್ಲಿ ಇದ್ದರೆ, ಎಲ್ಲರ ಗುರುತೂ ಇತ್ತು. ಕಚೇರಿಯ ಹೊಸ್ತಿಲು ದಾಟಿದವರು ಮಾತ್ರ ಅವನಿಗೆ ಬರಿಯ ಮುಖವಾಗುತ್ತಿದ್ದರು. ನಾನು ಇದನ್ನೆಲ್ಲ ನೋಡಿದೆ. ನೋಡಿಯೂ ನಾಳೆ ಸರಿಹೋಗುತ್ತದೆ ಎಂದುಕೊಂಡೆ. ನನ್ನ ಶಾಖೆಯಲ್ಲಿ ಎಲ್ಲ ಖಾನೆಗಳೂ ತುಂಬಿದ್ದವಲ್ಲ, ಆ ಸಮಾಧಾನ ದೊಡ್ಡದಾಗಿತ್ತು.

ಅದೇ ಹೊತ್ತಿಗೆ ಮುಬೀನಾ ಬಂದಳು. ಹೊರಗುತ್ತಿಗೆಯ ಮೇಲೆ ಕಂಪ್ಯೂಟರಿಗೆ ಬಂದ ಹುಡುಗಿ. ಹೊರಗುತ್ತಿಗೆಯವರು ಚಾರ್ಜ್ ಪಟ್ಟಿಗೆ ಸಹಿ ಹಾಕುವಂತಿಲ್ಲ. ಹಾಕಿದರೂ ಏನೂ ಆಗುವುದಿಲ್ಲ, ಶಾಯಿ ಒಣಗುತ್ತದೆ ಅಷ್ಟೇ. ಅವಳು ಶನಿವಾರ ಬೆಳಿಗ್ಗೆ ಓಬಳೇಶನ ಹಿಂದೆ ಹಿಂದೆ ವಾಲ್ವುಗಳ ಹತ್ತಿರ ಹೋಗತೊಡಗಿದಳು. ಕೈಯಲ್ಲೊಂದು ನೂರು ಹಾಳೆಯ ಪುಸ್ತಕ. ಅವನು ಯಾವ ಕಡೆ ಎಷ್ಟು ಸುತ್ತು ತಿರುಗಿಸಿದ, ಕಬ್ಬಿಣದ ಸರಳನ್ನು ಎಲ್ಲಿ ಊರಿ ಕಿವಿ ಕೊಟ್ಟ ಎಂದು ಬರೆದುಕೊಳ್ಳುತ್ತಿದ್ದಳು.

"ಇದೆಲ್ಲ ಯಾತಕ್ಕೆ ತಾಯಿ? ಸಹಿ ಇಲ್ದೆ ಕೆಲಸ ಹೆಂಗೆ ಬತ್ತದೆ?" ಎಂದು ನಾನೇ ಕೇಳಿದೆ.

"ನೋಡ್ತಾ ನೋಡ್ತಾ ಬರುತ್ತೆ ರಾಜಕ್ಕ."

"ಚಟ್ನಿ ರುಬ್ಬೋ ಕೆಲಸ ಅಲ್ಲ ಇದು. ಸರ್ಕಾರಿ ಕೆಲಸ."

"ಚಟ್ನಿ ನಿಮಗೆ ಯಾರು ಚಾರ್ಜ್ ಕೊಟ್ರು?" ಎಂದಳು. ಕಚೇರಿಯೆಲ್ಲ ನಕ್ಕಿತು. ನಾನು ಮಾತಿನ ಮಲ್ಲಿ ಎಂದು ಬೈದೆ. ಮುಂದಿನ ತಿಂಗಳು ಅವಳು ಒಂದು ವಾಲ್ವ್ ತಪ್ಪಾಗಿ ತಿರುಗಿಸಿ ಅಗಸರ ಬೀದಿಯನ್ನೆಲ್ಲ ಮೊಣಕಾಲುದ್ದ ನೀರು ಮಾಡಿದಾಗ, ನೋಡಿದ್ಯಾ ಎಂದು ಹೇಳುವ ಸಂತೋಷವೂ ನನಗೆ ಸಿಕ್ಕಿತು.

ಒಂದು ಬುಧವಾರ ಗಾರೆ ಕೆಲಸದ ಮಾರಣ್ಣ ಬಂದ. ನಾಲ್ಕು ದಿನದ ಹಿಂದೆ ಅವನ ಮೂರು ತಿಂಗಳ ಕೂಸು ತೀರಿಕೊಂಡಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ. ಸ್ಮಶಾನದಲ್ಲಿ ಗುಂಡಿಗೆ ಜಾಗ ತೋರಿಸಿದವನೇ ಓಬಳೇಶ. ಮಾರಣ್ಣ ಹೊಸ್ತಿಲು ದಾಟಿ, "ಮಗೂದು ಪತ್ರ ಬೇಕಿತ್ತಣ್ಣ" ಎಂದ. ಓಬಳೇಶ ಮುಖವರಳಿಸಿ, "ಹೆಣ್ಣಾ ಗಂಡಾ? ಬರೀ ಕೈಲಿ ಬಂದ್ಬಿಟ್ಟಿದೀಯಲ್ಲ, ಸಿಹಿ ಎಲ್ಲಿ?" ಎಂದು ಅವನ ಬೆನ್ನು ತಟ್ಟಿದ.

ಮಾರಣ್ಣ ತಿರುಗಿ ಹೊರಟುಹೋದ. ಒಳಗಿನಿಂದ ಓಡಿಬಂದ ಯಾರೋ ಓಬಳೇಶನಿಗೆ ವಿಷಯ ಹೇಳಿದರು.

ಆ ಮಧ್ಯಾಹ್ನ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ಕೈಕಟ್ಟಿಕೊಂಡಿದ್ದ. ಅಷ್ಟು ವರ್ಷದಲ್ಲಿ ಅವನು ನನ್ನ ಮುಂದೆ ಕೈಕಟ್ಟಿ ನಿಂತದ್ದೇ ಇಲ್ಲ.

"ಅಕ್ಕಾ, ಆರಾಯ್ತು. ಮಾಡ್ಕೊಂಡು ಹೋಯ್ತೀನಿ, ಬ್ಯಾಡ ಅನ್ನಾಕಿಲ್ಲ. ಇನ್ನೊಂದು ಮಾತ್ರ ಹಾಕ್ಬ್ಯಾಡಿ. ಒಳಗೆ ಒಂದೀಟು ಅದೆ ಇನ್ನೂವೆ. ಬೆಳಿಗ್ಗೆ ಹೊತ್ತು ಒಬ್ರನ್ನೋ ಇಬ್ರನ್ನೋ ಗುರುತು ಹಿಡೀತೀನಿ. ಅದೂ ಹೋದ್ರೆ ನಾನು ಈ ಬಾಗ್ಲಲ್ಲಿ ಏನಂತ ಕೂತ್ಕಳ್ಳಿ?"

"ಹಾಕಲ್ಲಪ್ಪ" ಎಂದೆ. "ನನ್ನಾಣೆ, ಹಾಕಲ್ಲ."

ಅವನಿಗೆ ಕೊಟ್ಟ ಮಾತು ಐದು ವಾರ ನಿಂತಿತು.

ದಾಖಲೆ ಕೋಣೆಯಲ್ಲಿ ಪೀರ್‌ಸಾಬರ ಕಟ್ಟಿತ್ತು. ಅವರು ನಿವೃತ್ತರಾಗಿ ಎರಡು ವರ್ಷ ಹನ್ನೊಂದು ತಿಂಗಳು ದಾಟಿತ್ತು. ರೋಲರ್ ಆಗಲೇ ಕಚೇರಿಯ ಹಿಂದಿನ ಅಂಗಳದಲ್ಲಿ ಕೆಟ್ಟು ನಿಂತು ತೊಂಡೆಬಳ್ಳಿಗೆ ಚಪ್ಪರವಾಗಿತ್ತು. ರಸ್ತೆ ಕೆಲಸವನ್ನೆಲ್ಲ ಗುತ್ತಿಗೆದಾರರು ತಮ್ಮ ಯಂತ್ರ ತಂದು ಮಾಡುತ್ತಿದ್ದರು. ಆ ಹುದ್ದೆಯನ್ನು ಉಳಿಸು ಎಂದು ಮುಖ್ಯಾಧಿಕಾರಿಗಳೂ ಕೇಳಿರಲಿಲ್ಲ. ನಾನೇ ದಿನಾ ಬೆಳಿಗ್ಗೆ ಹೋಗಿ ಆ ಕಟ್ಟಿನ ಮೇಲೆ ಕೈಯಿಡುತ್ತಿದ್ದೆ. ಮೊದಲು ಬಿಸಿ ರೊಟ್ಟಿಯಷ್ಟಿತ್ತು. ಆಮೇಲೆ ಯಾರೋ ಈಗಷ್ಟೇ ಎದ್ದುಹೋದ ಚಾಪೆಯಷ್ಟು. ಆ ವಾರ ಕೈಯಿಟ್ಟು ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಇನ್ನು ಹದಿನೆಂಟು ದಿನಕ್ಕೆ ಆ ಟಕ್ ಟಕ್ ಈ ಲೋಕದಲ್ಲಿ ಎಲ್ಲೂ ಇರುವುದಿಲ್ಲ.

ಬೇರೆ ಯಾರಿಗಾದರೂ ಹಾಕಬಹುದಿತ್ತೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಾಕಬಹುದಿತ್ತು. ಅವರು ತಕರಾರು ಮಾಡುತ್ತಿದ್ದರು, ಕೆಟ್ಟು ನಿಂತ ರೋಲರಿಗೆ ಚಾಲಕ ಏಕೆ ಎಂದು ಮೇಲಕ್ಕೆ ಬರೆಯುತ್ತಿದ್ದರು. ಓಬಳೇಶ ಬರೆಯುವವನಲ್ಲ. ಅಕ್ಕ ಹಾಕು ಎಂದ ಕಡೆ ಸಹಿ ಹಾಕುವವನು. ಸಾರ್ವಜನಿಕ ಹಿತದೃಷ್ಟಿಯಿಂದ ಎಂದು ಆದೇಶದಲ್ಲಿ ಬರೆದೆ. ಆ ದುಂಡು ಅಕ್ಷರ ಬಹಳ ಮುದ್ದಾಗಿ ಬಂತು.

ಅವನು ಕಾಗದ ನೋಡಿದ. ನನ್ನ ಮುಖ ನೋಡಿದ. "ರೋಲರ್ ಓಡಾಕಿಲ್ವಲ್ಲಕ್ಕ" ಎಂದ.

"ಗೊತ್ತು."

ಓಬಳೇಶ ಪೆನ್ನಿಗೆ ಕೈಚಾಚಿದ. ಅವನು ಜಗಳವಾಡಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವನು ಚಹಾ ಲೋಟಗಳನ್ನು ಎತ್ತಿಕೊಂಡು ತಿರುಗುವ ಮೊದಲು ಟವೆಲನ್ನು ಬಲದಿಂದ ಎಡಕ್ಕೆ ಎಸೆದುಕೊಂಡ. ಟಕ್ ಟಕ್. ನಾನು ಕಡತದೊಳಗೆ ಮುಖವಿಟ್ಟುಕೊಂಡೆ. ಹನ್ನೊಂದು ತಿಂಗಳು ದಿನಾ ಅದನ್ನು ಕೇಳಿದೆ. ಅವನನ್ನು ಸುಮ್ಮಸುಮ್ಮನೆ ಕರೆಯುತ್ತಿದ್ದೆ, ವಾಪಸು ತಿರುಗಲಿ ಎಂದು. ಮಧ್ಯಾಹ್ನ ಅವನು ಅಂಗಳಕ್ಕೆ ಹೋಗಿ ತೊಂಡೆಬಳ್ಳಿ ಸರಿಸಿ ರೋಲರಿನ ಚಕ್ರ ಒರೆಸುತ್ತಿದ್ದ. ಅವನಿಗೇ ಯಾಕೆಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ಮಾತ್ರ ಅವನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ, ಹಳೆಯ ಜವಾನನಂತೆ: "ಯಾರು? ಏನಾಗ್ಬೇಕಿತ್ತು?" ಜನ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಗರ್ವ ಎಂದುಕೊಂಡರು. ಆಮೇಲೆ ಅವನನ್ನು ಕೇಳುವುದನ್ನೇ ಬಿಟ್ಟು ಗೋಡೆಯ ಫಲಕ ಓದತೊಡಗಿದರು. ಓದಲು ಬಾರದವರು ಬಾಗಿಲಿಂದಲೇ ವಾಪಸಾದರು. ಕಾಳಮ್ಮ ಬರುವುದು ನಿಂತದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಅದನ್ನು ನೆನಪಿಟ್ಟುಕೊಳ್ಳುತ್ತಿದ್ದವನು ಅವನೊಬ್ಬನೇ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಅವನ ಹೆಂಡತಿ ಸಿದ್ದಮ್ಮ ಬುತ್ತಿ ತಂದಳು. ಅವನು ಬೆಳಿಗ್ಗೆ ಮರೆತು ಬಂದಿದ್ದ.

"ಯಾರವ್ವಾ? ಯಾವ ಶಾಖೆಗೆ ಬಂದ್ರಿ?" ಎಂದ ಓಬಳೇಶ.

"ಕಟ್ಕೊಂಡ ಗಂಡ ಬೇಕಾಗಿತ್ತು. ಯಾವ ಟೇಬಲ್ಲಲ್ಲಿ ಕೊಡ್ತಾರಪ್ಪ?" ಎಂದಳು ಸಿದ್ದಮ್ಮ, ಸೊಂಟದ ಮೇಲೆ ಕೈಯಿಟ್ಟು. ಎಲ್ಲರೂ ತಲೆಯೆತ್ತಿ ನಕ್ಕರು.

ಓಬಳೇಶ ನಗಲಿಲ್ಲ. "ಅರ್ಜಿ ತಂದಿದ್ದೀರಾ?" ಎಂದ.

ಅವಳ ನಗು ಮುಖದಲ್ಲೇ ನಿಂತುಹೋಯಿತು. ಬುತ್ತಿಯನ್ನು ಬೆಂಚಿನ ಮೇಲಿಟ್ಟು, ಅವನ ಕೈಹಿಡಿದು ಹೊಸ್ತಿಲಿನಿಂದ ಆಚೆಗೆ ಎಳೆದಳು. ಹೊರಗೆ ಬಿಸಿಲಿಗೆ ಬಂದೊಡನೆ ಅವನು, "ಏನೇ, ನೀನ್ಯಾವಾಗ ಬಂದೆ?" ಎಂದ. ಸಿದ್ದಮ್ಮ ಕಿಟಕಿಯಿಂದ ನನ್ನನ್ನೇ ನೋಡಿದಳು. ಅವಳಿಗೆ ಆದೇಶ, ಪ್ರಭಾರ ಒಂದೂ ಗೊತ್ತಿಲ್ಲ. ಆದರೂ ಇಪ್ಪತ್ತು ಜನರಲ್ಲಿ ನನ್ನನ್ನೇ ನೋಡಿದಳು.

ಅದೇ ವಾರ ಓಬಳೇಶನಿಗೆ ಜ್ವರ ಬಂತು. ಎರಡು ದಿನ ಊರಿಗೆ ನೀರು ಬರಲಿಲ್ಲ. ಮೂರನೆಯ ದಿನ ಮುಬೀನಾ ಸರಳು ತೆಗೆದುಕೊಂಡು ಹೊರಟಳು. ನಾನೂ ಹಿಂದೆ ಹೋದೆ, ಮತ್ತೆ ಯಾವ ಬೀದಿ ಮುಳುಗಿಸುತ್ತಾಳೋ ಎಂದು. ಅವಳು ಪುಸ್ತಕ ತೆರೆಯಲೇ ಇಲ್ಲ. ಸರಳನ್ನು ನೆಲಕ್ಕೂರಿ ಕಿವಿ ಕೊಟ್ಟಳು, ಅತ್ತ ಮೂರು ಸುತ್ತು, ಇತ್ತ ಒಂದೂವರೆ. ಮೇಲುಬೀದಿಯ ನಲ್ಲಿಗಳು ಕೆಮ್ಮಿ, ಗಾಳಿ ಬಿಟ್ಟು, ನೀರು ಸುರಿಸಿದವು. ಜನ ದೊಂಬರಾಟ ನೋಡುವಂತೆ ಸುತ್ತ ನಿಂತಿದ್ದರು. ಸಹಿಯಿಲ್ಲದೆ, ಶಾಯಿಯಿಲ್ಲದೆ ಒಬ್ಬಳಿಗೆ ನೀರುಗಂಟಿಯ ಕೆಲಸ ಬಂದಿತ್ತು. ಮತ್ತು ಓಬಳೇಶನ ಕೈಯಿಂದ ಅದು ಹೋಗಿಯೂ ಇರಲಿಲ್ಲ. ಜ್ವರ ಬಿಟ್ಟ ಮೇಲೆ ಅವನೂ ತಿರುಗಿಸಿದ, ಅವಳೂ ತಿರುಗಿಸಿದಳು. ಇಬ್ಬರಿಗೂ ಇತ್ತು.

ನಾನು ಆ ದಿನ ಊಟ ಮಾಡಲಿಲ್ಲ. ಕೆಲಸ ಕಲಿಯಬಹುದು ಎನ್ನುವುದಾದರೆ, ಆರು ಪ್ರಭಾರಗಳೂ ಬೇಕಿರಲಿಲ್ಲ. ಹೊರಗುತ್ತಿಗೆಯ ಮಕ್ಕಳನ್ನು ಒಬ್ಬೊಬ್ಬರ ಹಿಂದೆ ಒಬ್ಬೊಬ್ಬರನ್ನು ಬಿಟ್ಟಿದ್ದರೆ ಸಾಕಿತ್ತು. ತೂಬಿನವನ ಹಿಂದೆ ಯಾರಾದರೂ ನಾಲ್ಕು ತಿಂಗಳು ನಡೆದಿದ್ದರೆ ಸಾಕಿತ್ತು. ಇನ್ನೊಂದು ಮಾತು ಅದಕ್ಕಿಂತ ಕೆಟ್ಟದಾಗಿ ಕೊರೆಯಿತು. ಪೀರ್‌ಸಾಬರು ಇಪ್ಪತ್ತೆರಡು ವರ್ಷ ನನ್ನ ಕಣ್ಣೆದುರಿಗೇ ಅದನ್ನು ಮಾಡಿದ್ದರು. ನಾನು ರಸ್ತೆಯಂಚಿನಲ್ಲಿ ನಿಂತು ಕಣ್ಣೊರೆಸಿಕೊಂಡೆ ಹೊರತು, ನನ್ನ ನಾಲಿಗೆಯಲ್ಲೇ ಒಂದು ಸಲ ಮಾಡಿನೋಡಲಿಲ್ಲ.

ಪ್ರಭಾರ ಇಳಿಸಬೇಕಾದರೆ ಇನ್ನೊಬ್ಬ ಕಾಯಂ ನೌಕರ ಸಹಿ ಹಾಕಬೇಕು, ಇಲ್ಲವೇ ಹುದ್ದೆಯನ್ನು ರದ್ದು ಮಾಡಬೇಕು. ಸೋಮವಾರ ರೋಲರ್ ಚಾಲಕನ ಹುದ್ದೆ ಇನ್ನು ಅಗತ್ಯವಿಲ್ಲ ಎಂದು ನಾನೇ ಟಿಪ್ಪಣಿ ಬರೆದು ಮುಖ್ಯಾಧಿಕಾರಿಗಳ ಮುಂದಿಟ್ಟೆ. ಅವರು ಓದದೆಯೇ ಸಹಿ ಹಾಕಿದರು. ಹಳೆಯ ಚಾರ್ಜ್ ಪಟ್ಟಿ ನನ್ನ ಕೈಯಲ್ಲಿತ್ತು. ಓಬಳೇಶ ಸಹಿ ಹಾಕಿದ ಮೇಲೂ ಅದರಲ್ಲಿ ಉಳಿದಿದ್ದ ಅಷ್ಟು ವರ್ಷದ ಬಿಸಿ ಒಂದು ನಿಮಿಷದಲ್ಲಿ ಇಳಿದು ಬರಿಯ ಕಾಗದವಾಯಿತು. ಹೊರಗೆ ಓಬಳೇಶ ಚಹಾ ಲೋಟ ಎತ್ತಿಕೊಂಡು ತಿರುಗಿದ. ಟವೆಲ್ ಇದ್ದ ಹೆಗಲಲ್ಲೇ ಇತ್ತು.

ಒಂದು ತೆಗೆದರೆ ಜಾಗವಾಗುತ್ತದೆ, ಅವನದು ಅವನಿಗೆ ವಾಪಸು ಬರುತ್ತದೆ ಎಂದು ನಂಬಿದ್ದೆ. ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೇ ಬಂದು ಬಾಗಿಲ ಹತ್ತಿರ ನಿಂತುಕೊಂಡೆ. ಮೊದಲು ಬಂದವನು ಮಾರಣ್ಣ. ಅಷ್ಟು ದಿನದ ಮೇಲೆ ಕೂಸಿನ ಮರಣಪತ್ರಕ್ಕೆ ಬಂದಿದ್ದ. ಓಬಳೇಶ ಅವನನ್ನು ನೋಡಿದ. ನಾನು ಓಬಳೇಶನ ಮುಖ ನೋಡಿದೆ.

"ಯಾರು? ಏನಾಗ್ಬೇಕಿತ್ತು?"

ಹುದ್ದೆಯ ಕೆಲಸಕ್ಕೆ ಕಟ್ಟು ಇರುತ್ತದೆ, ಕಪಾಟಿರುತ್ತದೆ, ಮೂರು ವರ್ಷದ ಗಡುವಿರುತ್ತದೆ. ಓಬಳೇಶನದಕ್ಕೆ ಏನೂ ಇರಲಿಲ್ಲ. ಅದು ಎಲ್ಲಿಗೆ ಹೋಯಿತು ಎಂದು ಹುಡುಕಲು ದಾಖಲೆ ಕೋಣೆಯಲ್ಲಿ ಒಂದು ಖಾನೆಯೂ ಇರಲಿಲ್ಲ. ಬಾಕಿ ಆರನ್ನೂ ಮುಬೀನಾ ಮತ್ತು ಅವಳ ಜೊತೆಯವರು ಕಲಿಯುತ್ತಾ ಬಂದಂತೆ ಒಂದೊಂದಾಗಿ ರದ್ದು ಮಾಡಿಸಿ ಇಳಿಸಿದೆವು. ಪ್ರತಿ ಸಲವೂ ನಾನು ಬಾಗಿಲಲ್ಲಿ ನಿಂತು ಕಾದೆ.

ನನ್ನ ನಿವೃತ್ತಿಯ ದಿನ ನನ್ನ ಎದುರಿನ ಕುರ್ಚಿ ಖಾಲಿಯಿತ್ತು. ನನ್ನ ಪಟ್ಟಿಯನ್ನು ನಾನೇ ಕೆಂಪು ಬಟ್ಟೆಯಲ್ಲಿ ಕಟ್ಟಿದೆ. ಸಂಜೆ ಹಾಜರಿ ಪುಸ್ತಕದಲ್ಲಿ ಕೊನೆಯ ಸಹಿ ಹಾಕುವಾಗ ನನ್ನ ಹಳೆಯ ಏಳನೆಯ ತರಗತಿಯ ಅಕ್ಷರ ವಾಪಸು ಬಂದಿತ್ತು, ಸೊಟ್ಟಗೆ, ಗೆರೆಯಿಂದ ಕೆಳಗಿಳಿದು. ನಾಚಿಕೆಯೂ ಆಯಿತು, ಬಹಳ ದಿನದ ಮೇಲೆ ಯಾರೋ ನೆಂಟರು ಬಂದ ಹಾಗೂ ಆಯಿತು.

ಈಗ ಪ್ರತಿ ಸೋಮವಾರ ಕಚೇರಿಗೆ ಹೋಗುತ್ತೇನೆ. ಹೊಸ್ತಿಲು ದಾಟಿದರೆ ಓಬಳೇಶ ಎದ್ದು, "ಯಾರವ್ವಾ?" ಎನ್ನುತ್ತಾನೆ. ಹೆಸರು ಹೇಳುತ್ತೇನೆ. ಮುಬೀನಾ ಕೊಡಿಸಿದ ನೂರು ಹಾಳೆಯ ಪುಸ್ತಕದಲ್ಲಿ ಹುಡುಕಿ, "ಹ್ಞಾಂ, ರಾಜಕ್ಕ. ರೋಲರ್ ತಿಮ್ಮರಾಯಪ್ಪೋರ ಮನೆಯೋರು. ಕೂತ್ಕಳಿ" ಎನ್ನುತ್ತಾನೆ. ಅವನ ಪಕ್ಕ ಕೂರುತ್ತೇನೆ. ಬಂದವರು ಯಾರೆಂದು ಅವನಿಗೆ ಪಿಸುಗುಟ್ಟುವುದು ನನ್ನ ಕೆಲಸ. ಆದರೆ ಮೂವತ್ತು ವರ್ಷ ನಾನು ಜನರನ್ನು ಕಡತದ ನಂಬರಿನಲ್ಲಿ ತಿಳಿದವಳು, ಆ ನಂಬರುಗಳೂ ಈಗ ಕಟ್ಟಿನೊಳಗಿವೆ. ಹತ್ತರಲ್ಲಿ ನಾಲ್ವರನ್ನು ಹೇಳಬಲ್ಲೆ. ಮಿಕ್ಕವರನ್ನು ಇಬ್ಬರೂ ಕೇಳಿ ಬರೆದುಕೊಳ್ಳುತ್ತೇವೆ.

ಎರಡು ಬೆರಳಿನದು ಮುಬೀನಾಳೇ ಅವನಿಗೆ ಹೇಳಿಕೊಡುತ್ತಿದ್ದಾಳೆ. ಅವಳಿಗೆ ಎಲ್ಲಿಂದ ಬಂತು ಎಂದು ಕೇಳಿದೆ. "ನಾನು ಚಿಕ್ಕವಳಿದ್ದಾಗ ನಮ್ಮ ಅಜ್ಜಿ, ನಾನಿ ಜೊತೆ ಬರ್ತಿದ್ದೆ ರಾಜಕ್ಕ. ಓಬಳೇಶಣ್ಣ ನಾನಿ ಮೊಣಕೈಗೆ ಹಿಂಗೇ ಬೆರಳು ಕೊಡೋರು. ನೋಡ್ತಾ ಇದ್ದೆ" ಎಂದಳು. ಅವಳ ಗುತ್ತಿಗೆ ಬರುವ ಮಾರ್ಚಿಗೆ ಮುಗಿಯುತ್ತದೆ. ಮತ್ತೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

ಕಳೆದ ಸೋಮವಾರ ಒಬ್ಬ ಮುದುಕಿ ಬಂದಳು. ಬಿಸಿಲಿಂದ ಒಳಗೆ ಬಂದು ಕಣ್ಣು ಕಾಣದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಓಬಳೇಶ ನನ್ನ ಕಡೆ ನೋಡಿದ. ನನಗೂ ಯಾರೆಂದು ತಿಳಿಯಲಿಲ್ಲ. ಅವನು ಪುಸ್ತಕ ಮಡಿಚಿಟ್ಟು ಎದ್ದು ಹೋಗಿ ಅವಳ ಮೊಣಕೈ ಹಿಡಿದ. ಎರಡು ಬೆರಳು ಸಾಲದೆ ಇಡೀ ಕೈಯಲ್ಲಿ, ಕೊಡಪಾನ ಹಿಡಿದಂತೆ ಬಿಗಿಯಾಗಿ ಹಿಡಿದ.

"ಮೆಲ್ಲಗೆ ಕಣಪ್ಪ, ನೋಯ್ತದೆ" ಎಂದಳು ಮುದುಕಿ.

"ತಪ್ಪಾಯ್ತು ಕಣವ್ವಾ" ಎಂದ ಓಬಳೇಶ, ಇಪ್ಪತ್ತೆಂಟು ವರ್ಷ ಆ ಬಾಗಿಲಲ್ಲಿ ಕೂತವನು. "ಹೊಸಬ ನಾನು. ಕಲೀತಾ ಇವ್ನಿ."

ಅವರಿಬ್ಬರೂ ಮೂರನೆಯ ಟೇಬಲ್ಲಿನ ಕಡೆ ನಿಧಾನವಾಗಿ ಹೋದರು. ನಾನು ಕಿಟಕಿಯ ಕಡೆ ತಿರುಗಿದೆ. ಅಂಗಳದಲ್ಲಿ ರೋಲರಿನ ಮೇಲೆ ತೊಂಡೆ ಹೂ ಬಿಟ್ಟಿತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಎಳೆದೆ. ಟಕ್. ಇನ್ನೊಂದಕ್ಕೆ ಕಾದೆ. ಬರಲಿಲ್ಲ.